ಗೋಡೆ ಬಿರುಕು ಬಿಟ್ಟಿದೆ, ಪಾಯ ಕುಸಿದಿದೆಯೇ? ನವೀಕರಣಕ್ಕೆ ಕೈಹಾಕುವ ಮುನ್ನ ಪತ್ತೆ ಮಾಡುವ ಬಗೆ

ಹಳೆ ಮನೆಗೆ ಹೊಸ ಬಣ್ಣ ಹೊಡೆಯಲು ಗೋಡೆ ಕೆರೆಯುತ್ತಾರೆ. ಅಷ್ಟು ವರ್ಷ ಬಣ್ಣದ ಹಿಂದೆ ಅಡಗಿ ಕೂತಿದ್ದ ಬಿರುಕು ಆಗ ಹೊರಗೆ ಬರುತ್ತದೆ. ಬಣ್ಣದವರು ಪುಟ್ಟಿ ಮೆತ್ತಿ, ಉಜ್ಜಿ, ನುಣ್ಣಗೆ ಮಾಡಿ ಹೋಗುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ, ಅದೇ ಗೆರೆಯಲ್ಲಿ ಬಿರುಕು ಮತ್ತೆ ಹಾಜರು. ಆಗ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು: "ಪಾಯ ಕೂತುಬಿಟ್ಟಿದೆ."

ಕೂತಿರಬಹುದು, ಕೂರದೆಯೂ ಇರಬಹುದು. ನಾನು ನೋಡಿದ ಬಿರುಕುಗಳಲ್ಲಿ ಹೆಚ್ಚಿನವು ಪಾಯದವಲ್ಲ. ಪಾಯದವೇ ಆದವುಗಳಲ್ಲೂ ಬಹಳಷ್ಟು ಕಡೆ ಅಪರಾಧಿ ನೀರು: ಒಡೆದ ಪೈಪು, ಗೋಡೆಯ ಬುಡಕ್ಕೇ ಸುರಿಯುವ ಮಾಳಿಗೆಯ ನೀರು, ತುಂಬಿ ಹರಿಯುವ ಕೊಳಕು ನೀರಿನ ಚೇಂಬರ್. ಹಾಗಾಗಿ ಇಲ್ಲಿ ಹೇಳುವ ಕ್ರಮದ ಹಿಂದೆ ಒಂದೇ ಹಟ ಇದೆ. ಬಿರುಕು ನಿಂತಿದೆಯೋ ಇನ್ನೂ ನಡೆಯುತ್ತಿದೆಯೋ ಗೊತ್ತಾಗುವ ತನಕ ಏನನ್ನೂ ಮುಚ್ಚಬೇಡಿ, ಏನನ್ನೂ ಅಗೆಯಬೇಡಿ. ಪೆನ್ಸಿಲು, ಟೇಪು, ಟಾರ್ಚು, ರಸಮಟ್ಟ, ದಾರಕ್ಕೆ ಕಟ್ಟಿದ ತೂಕದ ಗುಂಡು, ನೀರು ತುಂಬಿದ ಪಾರದರ್ಶಕ ಪೈಪು ಇದ್ದರೆ ಅರ್ಧಕ್ಕಿಂತ ಹೆಚ್ಚು ಪತ್ತೆ ಕೆಲಸ ಆದಂತೆಯೇ.

ಇವು ಕಂಡರೆ ಮುಂದೆ ಓದುತ್ತಾ ಕೂರಬೇಡಿ

ಬಿರುಕಿನೊಳಗೆ ಬೆರಳು ತೂರುವಂತಿದ್ದರೆ, ಅಂದರೆ ಅಗಲ 15 ಮಿ.ಮೀ. ದಾಟಿದ್ದರೆ, ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ, ಕಾಲಂ ಅಥವಾ ಬೀಮಿನಲ್ಲೇ ಓರೆ ಬಿರುಕು ಎದ್ದಿದ್ದರೆ, ನಿನ್ನೆ ಕೂದಲೆಳೆಯಂತಿದ್ದದ್ದು ಇವತ್ತು ನಾಣ್ಯ ನಿಲ್ಲುವಷ್ಟಾಗಿದ್ದರೆ, ರಾತ್ರಿ ಗೋಡೆಯಿಂದ ಚಟ್ ಚಟ್ ಸದ್ದು ಬಂದು ಬೆಳಗ್ಗೆ ಗಾರೆಯ ಪುಡಿ ಬಿದ್ದಿದ್ದರೆ ಆ ಕೋಣೆ ಖಾಲಿ ಮಾಡಿ. ಅದರ ಮೇಲಿನ ಮತ್ತು ಕೆಳಗಿನ ಕೋಣೆಗಳಲ್ಲೂ ಯಾರೂ ಮಲಗುವುದು ಬೇಡ. ಗ್ಯಾಸಿನ ವಾಸನೆ ಬಂದರೆ ಪೈಪು ಎಳೆದಾಡಿ ಸೀಳಿರಬಹುದು. ಸ್ವಿಚ್ ಒತ್ತದೆ ಹೊರಗೆ ಬನ್ನಿ. ಇವೆಲ್ಲ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಬೇಕಾದ ಸಂಗತಿಗಳು, ಮೇಸ್ತ್ರಿಯನ್ನು ಕರೆಸಿ "ಏನಂತೀರಿ?" ಎಂದು ಕೇಳುವಂಥವಲ್ಲ.

ಲಕ್ಷಣ: ಗೋಡೆಯಲ್ಲಿ ಬಿರುಕು

ಮೊದಲು ಆಕಾರ ನೋಡಿ. ಬಿರುಕಿನ ಅಗಲಕ್ಕಿಂತ ಅದು ಹಿಡಿದ ದಾರಿ ಹೆಚ್ಚು ಮಾತಾಡುತ್ತದೆ.

ಜೇಡರ ಬಲೆಯಂತೆ ಗೋಡೆ ತುಂಬ ಹರಡಿದ ಕೂದಲೆಳೆ ಬಿರುಕು ಗಾರೆ ಒಣಗುವಾಗ ಕುಗ್ಗಿದ್ದರಿಂದ ಬಂದದ್ದು. ಸಿಮೆಂಟ್ ಹೆಚ್ಚಾಗಿ, ಕ್ಯೂರಿಂಗ್ (ಗಾರೆಗೆ ನೀರು ಹಾಕಿ ತೇವ ಇಡುವುದು) ಕಡಿಮೆಯಾದರೆ ಹೀಗಾಗುತ್ತದೆ. ಪಾಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಂಕ್ರೀಟ್ ಕಾಲಂ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೇರವಾಗಿ ಮೇಲಿಂದ ಕೆಳಗೆ ಇಳಿದ ಗೆರೆ ಇದ್ದರೆ, ಎರಡು ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತಿವೆ ಎಂದರ್ಥ. ಮಾಳಿಗೆಯ ಕೆಳಗೆ, ಸ್ಲ್ಯಾಬ್ ಗೋಡೆಯ ಮೇಲೆ ಕೂರುವ ಗೆರೆಯುದ್ದಕ್ಕೂ ಅಡ್ಡ ಬಿರುಕು ಬಂದಿದ್ದರೆ ಅದು ಬಿಸಿಲಿನ ಕೆಲಸ. ಬೀಮಿನ ಅಥವಾ ಕಿಟಕಿ ಮೇಲಿನ ಸಜ್ಜಾ ಹಲಗೆಯ ಅಂಚಿನಲ್ಲಿ ಕಂಬಿಯ ಗುಂಟ ನೇರ ಬಿರುಕು, ಪಕ್ಕದಲ್ಲಿ ಕಂದು ಕಲೆ ಕಂಡರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ. ಅದೂ ಗಂಭೀರವೇ, ಆದರೆ ಮಣ್ಣಿನ ಕಾಯಿಲೆಯಲ್ಲ.

ಇನ್ನು ಮಣ್ಣಿನದು. ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಓರೆಯಲ್ಲಿ ಏರುವ ಬಿರುಕು, ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸೂಜಿಯಂತೆ ಸಣ್ಣ, ಗೋಡೆಯ ಒಳಗೂ ಹೊರಗೂ ಅದೇ ಜಾಗದಲ್ಲಿ ಕಾಣುವಂಥದ್ದು: ಇದನ್ನು ಕಂಡಾಗ ಪಾಯದ ಮೇಲೆ ಅನುಮಾನ ಪಡಬೇಕು. ಹೊರಗೆ ಹೋಗಿ ಅದೇ ಜಾಗ ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಒಳಗಡೆ ಮಾತ್ರ ಇದ್ದರೆ ಅದು ಬರೀ ಗಾರೆಯದಾಗಿರುವ ಸಾಧ್ಯತೆಯೇ ಹೆಚ್ಚು.

ಓರೆ ಬಿರುಕು ಮೇಲೇರುತ್ತಾ ಯಾವ ದಿಕ್ಕಿಗೆ ಬಾಗುತ್ತದೋ ಆ ದಿಕ್ಕಿನ ಪಾಯ ತಗ್ಗಿದೆ. ಬಲ ಮೂಲೆ ಕುಸಿದಿದ್ದರೆ ಬಿರುಕು ಕೆಳಗೆ ಎಡದಿಂದ ಶುರುವಾಗಿ ಮೇಲೆ ಬಲಕ್ಕೆ ಹೋಗುತ್ತದೆ. ಅದರ ಕೆಳಗಿನ ಭಾಗ ಮೂಲೆಯ ಜೊತೆ ಕೆಳಗಿಳಿದು ಮೇಲಿನ ಭಾಗದಿಂದ ಕಳಚಿಕೊಂಡಿರುತ್ತದೆ. ಗೋಡೆಯ ನಡುಭಾಗ ತಗ್ಗಿದ್ದರೆ ಎರಡೂ ಕಡೆಯಿಂದ ಎದ್ದ ಬಿರುಕುಗಳು ನಡುವಿನತ್ತ ಬಾಗಿ ಕಮಾನಿನಂತೆ ಕಾಣುತ್ತವೆ. ಅಗಲದಲ್ಲೂ ಸುಳಿವಿದೆ. ಮೇಲ್ತುದಿ ಅಗಲವಾಗಿದ್ದರೆ ಕೊನೆಯ ಮೂಲೆ ಇಳಿಯುತ್ತಿದೆ, ಕೆಳತುದಿ ಅಗಲವಾಗಿದ್ದರೆ ನಡುಭಾಗ ಇಳಿಯುತ್ತಿದೆ. ಕಿಟಕಿಯ ಮೂಲೆಯಿಂದ ಬಿರುಕು ಎದ್ದ ಮಾತ್ರಕ್ಕೆ ಕಿಟಕಿಯವರನ್ನು ದೂರಬೇಡಿ. ಗೋಡೆಯಲ್ಲಿ ಎಲ್ಲಿ ತೂತಿದೆಯೋ ಅಲ್ಲಿ ಅದು ದುರ್ಬಲ, ಹರಿಯುವುದು ಅಲ್ಲಿಂದಲೇ.

ಅಗಲದ ಲೆಕ್ಕ: 1 ಮಿ.ಮೀ. ಒಳಗಿದ್ದರೆ ನೋಡಲು ಚೆನ್ನಾಗಿಲ್ಲ ಎಂಬುದಷ್ಟೇ ತೊಂದರೆ. 5 ಮಿ.ಮೀ. ವರೆಗಿನದನ್ನು, ಅದು ನಿಂತಿದೆ ಎಂದು ಖಚಿತವಾದ ಮೇಲೆ, ತುಂಬಿ ಮುಚ್ಚಬಹುದು. 5 ದಾಟಿದರೆ ಬಾಗಿಲು ಕಿಟಕಿಗಳು ಸಿಕ್ಕಿಕೊಳ್ಳಲು, ಪೈಪುಗಳು ಸೀಳಲು ಶುರುವಾಗುತ್ತದೆ, ಇಂಜಿನಿಯರ್ ನೋಡಬೇಕು. 25 ದಾಟಿದರೆ ಆ ಗೋಡೆ ನಿಲ್ಲುವ ಭರವಸೆಯೇ ಇಲ್ಲ.

ಈಗ ಪೆನ್ಸಿಲು ತೆಗೆದುಕೊಳ್ಳಿ. ಬಿರುಕಿನ ಎರಡೂ ತುದಿಗೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಅತಿ ಅಗಲವಾಗಿರುವ ಕಡೆ, ಬಿರುಕಿನ ಆಚೆ ಈಚೆ ಒಂದೊಂದು ಸ್ಕ್ರೂ ಗೋಡೆಗೆ ಗಟ್ಟಿಯಾಗಿ ಕೂರಿಸಿ ಎರಡರ ತಲೆಗಳ ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. ಮೂರು ಸ್ಕ್ರೂಗಳನ್ನು ತ್ರಿಕೋನವಾಗಿ ಕೂರಿಸಿದರೆ ಬಿರುಕು ಅಗಲಿಸುತ್ತಿದೆಯೋ ಜಾರುತ್ತಿದೆಯೋ ಎಂಬುದೂ ತಿಳಿಯುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುವ ಹಳೆ ಪದ್ಧತಿಯೂ ಇದೆ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಆದರೆ ಎಷ್ಟು ಅಲುಗಿತೆಂದು ಗಾಜು ಹೇಳುವುದಿಲ್ಲ, ಅಂಟು ಬಿಟ್ಟುಕೊಂಡರೆ ಸುಮ್ಮನೆ ಮೋಸ ಮಾಡುತ್ತದೆ. ನನಗೆ ಸ್ಕ್ರೂಗಳ ಮೇಲೇ ನಂಬಿಕೆ. ಪ್ರತಿ ಬಾರಿ ದಿನದ ಒಂದೇ ಹೊತ್ತಿಗೆ ಅಳೆಯಿರಿ. ಬಿಸಿಲಿಗೆ ಗೋಡೆ ಹಿಗ್ಗುವುದರಿಂದ ಮಧ್ಯಾಹ್ನದ ಅಳತೆಯೂ ಬೆಳಗಿನ ಅಳತೆಯೂ ಒಂದೇ ಬರುವುದಿಲ್ಲ. ವಾರಕ್ಕೊಮ್ಮೆ ಬರೆದಿಟ್ಟು ಕನಿಷ್ಠ 6 ತಿಂಗಳು, ಜೇಡಿಮಣ್ಣಿನ ನೆಲವಾದರೆ ಮಳೆ ಬೇಸಗೆ ಎರಡನ್ನೂ ಕಂಡ ಪೂರ್ತಿ ಒಂದು ವರ್ಷ ನೋಡಬೇಕು. ಅಷ್ಟು ಕಾಯಲು ಯಾರಿಗೆ ಪುರಸೊತ್ತಿದೆ ಎನ್ನಬೇಡಿ. ಪಾಯಕ್ಕೆ ಕೈಹಾಕುವ ಖರ್ಚಿನ ಮುಂದೆ ಈ ಕಾಯುವಿಕೆ ಪುಕ್ಕಟೆ.

ಲಕ್ಷಣ: ಬಾಗಿಲು ಉಜ್ಜುತ್ತದೆ, ಚಿಲಕ ಕೂರುವುದಿಲ್ಲ

ಮಳೆ ಹಿಡಿದಾಗ ಮಾತ್ರ ಹೀಗಾಗಿ, ಒಣ ಹವೆಯಲ್ಲಿ ಸರಿಹೋದರೆ ಮರ ತೇವ ಕುಡಿದು ಊದಿದೆ, ಅಷ್ಟೇ. ವರ್ಷವಿಡೀ ಹಾಗೇ ಇದ್ದರೆ ಚೌಕಟ್ಟಿನ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ. ಎರಡೂ ಸಮನಾಗಿದ್ದರೆ ಚೌಕಟ್ಟು ಸೊಟ್ಟಗಾಗಿಲ್ಲ. ಕೀಲಿನ ಸ್ಕ್ರೂ ಸಡಿಲವಾಗಿ ಬಾಗಿಲು ಜೋತುಬಿದ್ದಿರಬೇಕು. ಕರ್ಣಗಳಲ್ಲಿ ವ್ಯತ್ಯಾಸವಿದ್ದು, ಬಾಗಿಲಿನ ಮೇಲಂಚಿನ ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾಗಿದ್ದರೆ ಗೋಡೆಯೇ ಓರೆಯಾಗಿರಬಹುದು. ಒಂದೇ ಬಾಗಿಲಾದರೆ ಅವಸರ ಬೇಡ. ಒಂದೇ ಸಾಲಿನ ಎರಡು ಮೂರು ಬಾಗಿಲು ಕಿಟಕಿಗಳು ಒಂದೇ ದಿಕ್ಕಿಗೆ ವಾಲಿದ್ದರೆ ಆ ದಿಕ್ಕಿನ ಮೂಲೆಯನ್ನು ಗುರುತು ಹಾಕಿಕೊಳ್ಳಿ.

ಗುರುತು ಹಾಕಿದ ಮೇಲೆ ಮಟ್ಟ ನೋಡುವ ಕೆಲಸ. ನೀರು ತುಂಬಿದ ಪೈಪಿನ ಒಂದು ತುದಿ ಒಂದು ಮೂಲೆಯಲ್ಲಿ, ಇನ್ನೊಂದು ತುದಿ ಮತ್ತೊಂದು ಮೂಲೆಯಲ್ಲಿ. ನೀರಿನ ಮಟ್ಟ ಎರಡೂ ಕಡೆ ಒಂದೇ. ಅಲ್ಲಿಂದ ಕೆಳಗೆ, ಮನೆ ಕಟ್ಟುವಾಗ ಮಟ್ಟ ನೋಡಿ ಕಟ್ಟಿದ ಗೆರೆಗೆ, ಅಂದರೆ ಪ್ಲಿಂತ್ (ಗೋಡೆಯ ಬುಡದ ಅಡಿಗಟ್ಟು) ಅಂಚಿಗೋ ಇಟ್ಟಿಗೆಯ ಒಂದು ವರಸೆಗೋ ದೂರ ಅಳೆಯಿರಿ. ನೆಲಕ್ಕೆ ಅಳೆಯಬೇಡಿ, ನೀರು ಹರಿಯಲೆಂದು ನೆಲಕ್ಕೆ ಮೊದಲೇ ವಾಟ ಕೊಟ್ಟಿರುತ್ತಾರೆ. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಲೆಕ್ಕವೆಲ್ಲ ತಪ್ಪುತ್ತದೆ, ಒಂದು ಗುಳ್ಳೆಯೂ ಇರಕೂಡದು.

ಸಿಕ್ಕ ವ್ಯತ್ಯಾಸವನ್ನು ಎರಡು ಬಿಂದುಗಳ ನಡುವಿನ ದೂರದಿಂದ ಭಾಗಿಸಿ. 500ರಲ್ಲಿ 1 ಭಾಗದೊಳಗೆ ಇದ್ದರೆ ನೆಮ್ಮದಿ. 300ರಲ್ಲಿ 1 ಭಾಗದ ಸುಮಾರಿಗೆ ಗೋಡೆಗಳು ಬಿರುಕು ಬಿಡಲು ಶುರುಮಾಡುತ್ತವೆ. 150ರಲ್ಲಿ 1 ಭಾಗಕ್ಕೆ ಬಂದರೆ ಕಾಲಂ ಬೀಮುಗಳಿಗೇ ಪೆಟ್ಟು. 3 ಮೀಟರ್ ಅಂತರದ ಎರಡು ಕಾಲಂಗಳಿಗೆ ಇವು ಕ್ರಮವಾಗಿ 6, 10, 20 ಮಿ.ಮೀ. ಆಗುತ್ತವೆ. ಎಷ್ಟು ಸಣ್ಣ ಅಂಕಿಗಳು ನೋಡಿ. ಕಟ್ಟಿದವರ ಕೈತಪ್ಪೇ ಐದಾರು ಮಿ.ಮೀ. ಇರಬಹುದಾದ್ದರಿಂದ ಒಂದು ಸಲದ ಅಳತೆಯ ಮೇಲೆ ತೀರ್ಪು ಕೊಡಬಾರದು. ಆರು ತಿಂಗಳ ನಂತರ ಅದೇ ಬಿಂದುಗಳಲ್ಲಿ ಮತ್ತೆ ಅಳೆದಾಗ ಅಂಕಿ ಬದಲಾಗಿದ್ದರೆ ಮಾತ್ರ ಅದಕ್ಕೆ ಬೆಲೆ.

ಅಂದಹಾಗೆ, ಮನೆ ಇಡಿಯಾಗಿ ಒಂದೇ ಸಮ ತಗ್ಗಿದರೆ ಗೋಡೆ ಬಿರುಕು ಬಿಡುವುದಿಲ್ಲ. ಮೆಕ್ಸಿಕೋ ನಗರದಲ್ಲಿ ಹಳೆಯ ಸರೋವರದ ಮೆತ್ತನೆ ಜೇಡಿಯ ಮೇಲೆ ಕಟ್ಟಿದ ಕೆಲವು ದೊಡ್ಡ ಕಟ್ಟಡಗಳು ಮೀಟರ್‌ಗಟ್ಟಲೆ ಕೆಳಗಿಳಿದೂ ಬಳಕೆಯಲ್ಲಿವೆ. ಗೋಡೆ ಸೀಳುವುದು ಒಂದು ಕಡೆ ಇಳಿದು ಇನ್ನೊಂದು ಕಡೆ ಇಳಿಯದೆ ನಿಂತಾಗ.

ಲಕ್ಷಣ: ನೆಲ ತಗ್ಗಿದೆ, ಗೋಡೆಗೆ ಏನೂ ಆಗಿಲ್ಲ

ಗೋಡೆಯ ಬುಡದ ಟೈಲ್ಸ್ ಪಟ್ಟಿ, ಅಂದರೆ ಸ್ಕರ್ಟಿಂಗ್, ಗೋಡೆಗೆ ಅಂಟಿಕೊಂಡೇ ಇದೆ, ಅದರ ಕೆಳಗೆ ನೆಲ ಇಳಿದು ಸಂದು ಬಿದ್ದಿದೆ. ನಾಣ್ಯದಿಂದ ಟೈಲ್ಸ್ ಮೇಲೆ ತಟ್ಟಿದರೆ ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಡಬಡಬ ಪೊಳ್ಳು ಸದ್ದು. ಒಂದೊಂದು ಟೈಲ್ಸ್ ಮಾತ್ರ ಪೊಳ್ಳಾಗಿದ್ದರೆ ಅಂಟಿಸುವಾಗಿನ ತಪ್ಪು. ಕೋಣೆಯ ನಡುಭಾಗವೆಲ್ಲ ಪೊಳ್ಳಾಗಿ ತಟ್ಟೆಯಂತೆ ತಗ್ಗಿದ್ದರೆ ನೆಲದಡಿಯ ಭರ್ತಿ ಮಣ್ಣು ಕೂತಿದೆ. ಮನೆಯ ಗೋಡೆ ಪಾಯದ ಮೇಲೆ ನಿಂತಿರುತ್ತದೆ. ನೆಲ ನಿಂತಿರುವುದು ಪಾಯದ ನಡುವೆ ತುಂಬಿದ ಮಣ್ಣಿನ ಮೇಲೆ. ಆ ಮಣ್ಣನ್ನು 15ರಿಂದ 20 ಸೆಂ.ಮೀ. ಪದರ ಪದರವಾಗಿ ಹಾಕಿ, ಹದವಾಗಿ ನೀರು ಚಿಮುಕಿಸಿ ದಮ್ಮಸು ಹೊಡೆಯಬೇಕು. ಒಂದೇ ಸಲ ಲಾರಿಯಿಂದ ಸುರಿದು ಮೇಲೆ ನೀರು ಬಿಟ್ಟು "ಕೂತಿತು" ಎಂದು ಬಿಟ್ಟಿದ್ದರೆ ಅದು ಹತ್ತು ವರ್ಷ ನಿಧಾನವಾಗಿ ಕೂರುತ್ತಲೇ ಇರುತ್ತದೆ. ಇದಕ್ಕೆ ಪಾಯ ಮುಟ್ಟಬೇಕಾಗಿಲ್ಲ. ನೆಲ ಒಡೆದು, ಭರ್ತಿ ತೆಗೆದು, ಮತ್ತೆ ದಮ್ಮಸು ಹೊಡೆದು ಹಾಕಿದರೆ ಸಾಕು.

ಆದರೆ ಒಡೆಯುವ ಮೊದಲು ನೀರು ನೋಡಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದಿಡಿ, ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಮೀಟರಿಲ್ಲದಿದ್ದರೆ ಟ್ಯಾಂಕಿಗೆ ನೀರು ಬರುವ ದಾರಿ ಮುಚ್ಚಿ ಮಟ್ಟಕ್ಕೆ ಗುರುತು ಹಾಕಿ. ಕೊಳಕು ನೀರಿನ ಪೈಪಿಗೆ ಈ ಉಪಾಯ ನಡೆಯದು. ಅಲ್ಲಿ ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕದಡಿ ಬಚ್ಚಲಿಗೆ ಸುರಿದು, ಹೊರಗಿನ ಚೇಂಬರಿನ ಮುಚ್ಚಳ ತೆಗೆದು ನೋಡಬೇಕು. ಸುರಿದ ನೀಲಿ ನೀರು ಅಷ್ಟೂ ಬಂತೇ, ತಡವಾಗಿ ಒಂದಿಷ್ಟೇ ಬಂತೇ? ಚೇಂಬರಿನೊಳಗೆ ತಲೆ ಹಾಕಬೇಡಿ, ಅಲ್ಲಿನ ಗಾಳಿ ವಿಷ.

ಒಂದು ಮನೆಯ ಕತೆ ಹೇಳಲೇಬೇಕು. ಬಚ್ಚಲಿನ ಮೂಲೆ ತಗ್ಗಿ, ಅದರ ಗೋಡೆಯಲ್ಲಿ ಮೆಟ್ಟಿಲು ಬಿರುಕು ಎದ್ದಿತ್ತು. ಮೂರು ಸಲ ಗಾರೆ ಮಾಡಿಸಿದ್ದರು, ನಾಲ್ಕನೆಯ ಸಲ ಪೈಲು (ನೆಲದಾಳಕ್ಕೆ ಇಳಿಸುವ ಕಂಬ) ಹೊಡೆಸುವ ಮಾತು ನಡೆದಿತ್ತು. ಅಂದಾಜುಪಟ್ಟಿ ಕೂಡ ಕೈಯಲ್ಲಿತ್ತು. ನಾವು ನೀಲಿ ನೀರು ಸುರಿದೆವು. ಚೇಂಬರಿಗೆ ಬಂದದ್ದು ಸುರಿದುದರ ಅರ್ಧವೂ ಇರಲಿಲ್ಲ. ಗೋಡೆಯ ಹೊರಗೆ ಒಂದೂವರೆ ಅಡಿ ಅಗೆದಾಗ ಪೈಪಿನ ಜೋಡಣೆ ಬಿಟ್ಟುಕೊಂಡಿದ್ದು ಸಿಕ್ಕಿತು. ಅದರ ಕೆಳಗೆ ಕೈ ಹಾಕಿದರೆ ಮೊಣಕೈವರೆಗೆ ಖಾಲಿ. ಸುತ್ತಲಿನ ಮಣ್ಣು ಗಂಜಿಯಂತೆ. ದಿನಾ ಸ್ನಾನದ ನೀರು ಮರಳು ಮಣ್ಣಿನ ನುಣ್ಣನೆ ಕಣಗಳನ್ನೆಲ್ಲ ಹೊತ್ತುಕೊಂಡು ಎತ್ತಲೋ ಹೋಗಿತ್ತು. ಜೋಡಣೆ ಸರಿಮಾಡಿ, ಪೊಳ್ಳನ್ನು ತೆಳು ಕಾಂಕ್ರೀಟಿನಿಂದ ತುಂಬಿದೆವು. ಬಿರುಕಿನ ತುದಿಯ ಪೆನ್ಸಿಲ್ ಗೆರೆ ಹನ್ನೊಂದು ತಿಂಗಳು ಇದ್ದಲ್ಲೇ ಇತ್ತು. ಪೈಲಿನ ಅಂದಾಜುಪಟ್ಟಿ ಏನಾಯಿತೋ ನನಗೆ ಗೊತ್ತಿಲ್ಲ.

ಲಕ್ಷಣ: ಹೊರಗಿನ ಮೆಟ್ಟಿಲು, ಕಟ್ಟೆ ಮನೆಯಿಂದ ಬೇರ್ಪಟ್ಟಿದೆ

ನೋಡಲು ಭಯ ಹುಟ್ಟಿಸುತ್ತದೆ, ಆದರೆ ಹೆಚ್ಚಿನ ಸಲ ಇಳಿದಿರುವುದು ಮೆಟ್ಟಿಲೇ ಹೊರತು ಮನೆಯಲ್ಲ. ಪಾಯಕ್ಕೆ ತೋಡಿದ ಕಾಲುವೆಯನ್ನು ಆಮೇಲೆ ಸಡಿಲ ಮಣ್ಣಿನಿಂದ ಮುಚ್ಚಿ ಅದರ ಮೇಲೇ ಮೆಟ್ಟಿಲು ಕಟ್ಟಿರುತ್ತಾರೆ. ಅಪಾಯ ಬೇರೆ ಇದೆ. ಆ ಸಂದಿನಲ್ಲಿ ಮಳೆನೀರು ನೇರ ಪಾಯದ ಬುಡಕ್ಕಿಳಿಯುತ್ತದೆ. ಸಂದನ್ನು ಎಳೆದರೆ ಹಿಗ್ಗುವ ಸೀಲೆಂಟಿನಿಂದ ಮುಚ್ಚಿ. ಮನೆಯ ಸುತ್ತಲ ನೆಲ ಗೋಡೆಯಿಂದ ಹೊರಕ್ಕೆ ವಾಟ ಇರಬೇಕು, ಮೊದಲ 3 ಮೀಟರಿನಲ್ಲಿ ಸುಮಾರು 15 ಸೆಂ.ಮೀ. ಮಾಳಿಗೆಯ ಪೈಪು ಎಲ್ಲಿ ಸುರಿಯುತ್ತದೆ ಎಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಒಮ್ಮೆ ಸುತ್ತು ಬಂದು ನೋಡಿ. ಬಿಸಿಲಲ್ಲಿ ಕಾಣದ್ದು ಆಗ ಕಾಣುತ್ತದೆ.

ಲಕ್ಷಣ: ಒಣಗಿದಾಗ ಬಾಯಿ ಬಿಡುವ ಬಿರುಕು ಮಳೆ ಬಂದಾಗ ಮುಚ್ಚುತ್ತದೆ

ಇದು ಉಬ್ಬಿ ಕುಗ್ಗುವ ಜೇಡಿಮಣ್ಣಿನ ಸಹಿ. ಕೆಲವು ಜೇಡಿಗಳು ನೀರು ಕುಡಿದು ಊದುತ್ತವೆ, ಒಣಗಿ ಕುಗ್ಗುತ್ತವೆ, ಪ್ರತಿ ವರ್ಷ ಮನೆಯನ್ನು ಎತ್ತಿ ಇಳಿಸುತ್ತವೆ. ಮನೆಯ ನಡುಭಾಗದ ಅಡಿ ಮಣ್ಣು ಸದಾ ತೇವ, ಅಂಚಿನದು ಮಾತ್ರ ಒಣಗಿ ನೆನೆಯುವುದರಿಂದ ಹೊರಗೋಡೆಗಳಿಗೇ ಹೆಚ್ಚು ಪೆಟ್ಟು. ಎರೆಮಣ್ಣಿನ ಹೊಲ ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಪಾಯದ ಆಳದ ಒಂದು ಹಿಡಿ ಮಣ್ಣನ್ನು ಹದವಾಗಿ ನೆನೆಸಿ ಅಂಗೈಗಳ ನಡುವೆ ಹೊಸೆಯಿರಿ. ಪುಡಿಯಾದರೆ ಮರಳು, 3 ಮಿ.ಮೀ. ಸಣ್ಣ ಎಳೆಯಾಗಿ ಮುರಿಯದೆ ಉದ್ದ ಬಂದರೆ ಜೇಡಿ. ಎರಡನೆಯದು ಊದುವ ಪರೀಕ್ಷೆ. ಒಣಗಿಸಿ ಪುಡಿ ಮಾಡಿ ಸಣ್ಣ ಜರಡಿಯಲ್ಲಿ ಸೋಸಿದ ಮಣ್ಣು 10 ಗ್ರಾಮಿನಂತೆ ಎರಡು ಅಳತೆ ಗಾಜಿನ ಕೊಳವೆಗಳಿಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ, ಬೆಂಕಿಯಿಂದ ದೂರ. ಸೀಮೆಎಣ್ಣೆಯಲ್ಲಿ ಜೇಡಿ ಊದುವುದಿಲ್ಲ. 24 ಗಂಟೆ ಬಿಟ್ಟು ಎರಡರ ತಳದಲ್ಲಿ ಕೂತ ಮಣ್ಣಿನ ಮಟ್ಟ ನೋಡಿ. ನೀರಿನದು ಸೀಮೆಎಣ್ಣೆಯದಕ್ಕಿಂತ ಅರ್ಧಪಟ್ಟು ಹೆಚ್ಚು ನಿಂತಿದ್ದರೆ ತೀವ್ರವಾಗಿ ಊದುವ ಮಣ್ಣು ಎಂದು ತಿಳಿಯಿರಿ. ಪ್ರಯೋಗಾಲಯದ ವರದಿಗೆ ಇದು ಬದಲಿಯಲ್ಲ, ಇಂಜಿನಿಯರ್ ಜೊತೆ ಮಾತಾಡಲು ಒಳ್ಳೆಯ ಆರಂಭ.

ಇಂಥ ನೆಲದಲ್ಲಿ ಮರ ದೊಡ್ಡ ಪಾತ್ರ ವಹಿಸುತ್ತದೆ. ಗೋಡೆಯಿಂದ ಮರ ಇರುವ ದೂರ ಅದರ ಎತ್ತರಕ್ಕಿಂತ ಕಡಿಮೆಯಿದ್ದರೆ ಬೇರು ಪಾಯದಡಿಯ ತೇವ ಹೀರುತ್ತಿರಬಹುದು. "ಹಾಗಾದರೆ ಕಡಿದುಬಿಡೋಣ" ಎಂದು ಗರಗಸ ತಂದರೆ ಇನ್ನೊಂದು ತೊಂದರೆ. ವರ್ಷಗಟ್ಟಲೆ ಒಣಗಿದ್ದ ಜೇಡಿ ಮತ್ತೆ ನೀರು ಕುಡಿದು ಊದಿ ಮನೆಯನ್ನು ಮೇಲಕ್ಕೆ ತಳ್ಳುತ್ತದೆ, ಅದು ವರ್ಷಗಳ ಕಾಲ ನಡೆಯಬಹುದು. ಕೊಂಬೆ ಸವರಿ ನೀರಿನ ದಾಹ ತಗ್ಗಿಸುವುದು ಕಡಿಯುವುದಕ್ಕಿಂತ ಮೇಲು.

ಲಕ್ಷಣ: ಹೊಸ ಕೋಣೆ ಸೇರಿಸಿದ ಮೇಲೆ, ಅಥವಾ ಮಹಡಿ ಏರಿಸಿದ ಮೇಲೆ, ಹಳೆ ಗೋಡೆ ಸೀಳಿತು

ನವೀಕರಣದವರೇ ತಂದುಕೊಳ್ಳುವ ಕಾಯಿಲೆ ಇದು.

ಹಳೆ ಮನೆಯ ಅಡಿಯ ಮಣ್ಣು ವರ್ಷಗಳಿಂದ ಆ ಭಾರ ಹೊತ್ತು, ಎಷ್ಟು ಕೂರಬೇಕೋ ಅಷ್ಟು ಕೂತಾಗಿದೆ. ಪಕ್ಕದ ಹೊಸ ಕೋಣೆಯ ಅಡಿಯ ಮಣ್ಣಿಗೆ ಇದು ಮೊದಲ ಭಾರ. ಎರಡನ್ನೂ ಕಂಬಿ ಹಾಕಿ ಬಿಗಿದರೆ ಹೊಸದು ಇಳಿಯುವಾಗ ಹಳೆಯದನ್ನು ಎಳೆಯುತ್ತದೆ, ಸೇರುವ ಗೆರೆಯಲ್ಲಿ ಬಿರುಕು ಖಂಡಿತ. ಅಲ್ಲಿ ಪಾಯದಿಂದ ಮಾಳಿಗೆವರೆಗೆ ಬೇಕೆಂತಲೇ ಸಂದು ಬಿಟ್ಟು ಮುಚ್ಚುಪಟ್ಟಿ ಹೊಡೆಯುವುದೇ ದಾರಿ; ದಾಟುವ ಪೈಪುಗಳಿಗೆ ಬಾಗುವ ಜೋಡಣೆ ಇರಲಿ. ಈಗಾಗಲೇ ಕಟ್ಟಿ ಬಿರುಕು ಬಿಟ್ಟಿದ್ದರೆ, ಸೇರುವ ಗೆರೆಯಲ್ಲಿ ಮಾತ್ರ ನೇರ ಬಿರುಕಿದ್ದು ಬೇರೆಲ್ಲ ಸರಿಯಿದ್ದರೆ, ಮನೆ ತನಗೆ ಬೇಕಾದ ಸಂದನ್ನು ತಾನೇ ಮಾಡಿಕೊಂಡಿದೆ. ಅದನ್ನು ಸಿಮೆಂಟಿನಿಂದ ತುಂಬಬೇಡಿ.

ಮಹಡಿಯ ಲೆಕ್ಕವನ್ನು ಕೈಯಲ್ಲೇ ಹಾಕಿ ನೋಡೋಣ. 230 ಮಿ.ಮೀ. ದಪ್ಪ, 3 ಮೀಟರ್ ಎತ್ತರದ ಇಟ್ಟಿಗೆ ಗೋಡೆ ಉದ್ದದ ಪ್ರತಿ ಮೀಟರಿಗೆ ಹತ್ತಿರ ಹತ್ತಿರ 1.4 ಟನ್. 150 ಮಿ.ಮೀ. ಸ್ಲ್ಯಾಬ್, ಅದರ ಮೇಲಿನ ನೆಲಹಾಸು, ಜನ ಮತ್ತು ಸಾಮಾನು ಸೇರಿ ಚದರ ಮೀಟರಿಗೆ ಸುಮಾರು 0.7 ಟನ್. ಆ ಗೋಡೆ ಕೋಣೆಯ 2 ಮೀಟರ್ ಅಗಲದ ಪಾಲು ಹೊತ್ತರೆ ಇನ್ನೂ 1.4 ಟನ್. ಒಟ್ಟು 2.8 ಟನ್ ಹೆಚ್ಚುವರಿ. ಪಾಯದ ಅಗಲ 75 ಸೆಂ.ಮೀ. ಇದ್ದರೆ ಮಣ್ಣಿನ ಮೇಲೆ ಚದರ ಮೀಟರಿಗೆ 3.7 ಟನ್ ಹೊಸ ಒತ್ತಡ. ಮೆತ್ತನೆ ಜೇಡಿ ಸುರಕ್ಷಿತವಾಗಿ ಹೊರುವುದೇ ಒಟ್ಟು 5ರಿಂದ 10 ಟನ್, ಅದರಲ್ಲಿ ಹಳೆ ಮನೆ ಈಗಾಗಲೇ ತನ್ನ ಪಾಲು ತೆಗೆದುಕೊಂಡಿದೆ. "ಕಾಲಂ ಗಟ್ಟಿ ಇದೆ, ಇನ್ನೊಂದು ಮಹಡಿ ಆರಾಮ" ಎನ್ನುವವರು ಕಾಲಂ ನೋಡುತ್ತಾರೆ, ಅದು ನಿಂತ ನೆಲ ನೋಡುವುದಿಲ್ಲ.

ಮರಳು ಮಣ್ಣಾದರೆ ಕೂರುವುದೆಲ್ಲ ಹೆಚ್ಚುಕಡಿಮೆ ಕಟ್ಟುವಾಗಲೇ ಮುಗಿಯುತ್ತದೆ. ನೀರು ತುಂಬಿದ ಜೇಡಿಯಲ್ಲಿ ಭಾರ ಬಿದ್ದಾಗ ಕಣಗಳ ನಡುವಿನ ನೀರು ಹಿಂಡಿ ಹೊರಹೋಗಬೇಕು, ಅದಕ್ಕೆ ವರ್ಷಗಳೇ ಬೇಕು. ಇದರ ಗಣಿತವನ್ನು 1920ರ ದಶಕದಲ್ಲಿ ಕಟ್ಟಿಕೊಟ್ಟವರು ಮಣ್ಣನ್ನು ಅಧ್ಯಯನ ಮಾಡಿದ ಇಂಜಿನಿಯರ್ ಕಾರ್ಲ್ ಟೆರ್ಜಾಗಿ. ಜೇಡಿಯ ಪದರ ಎರಡರಷ್ಟು ದಪ್ಪವಾದರೆ ಹಿಡಿಯುವ ಕಾಲ ನಾಲ್ಕರಷ್ಟು. ಆದ್ದರಿಂದಲೇ ಮಹಡಿ ಏರಿಸಿ ಎರಡು ವರ್ಷ ಏನೂ ಆಗದೆ ಮೂರನೆಯ ವರ್ಷ ಬಿರುಕು ಏಳುವುದು. ಇಟಲಿಯ ಪೀಸಾದ ವಾಲುಗೋಪುರಕ್ಕೆ ಈ ನಿಧಾನವೇ ವರವಾಯಿತು. 1173ರಲ್ಲಿ ಶುರುವಾದ ಕೆಲಸ ಮೂರನೆಯ ಅಂತಸ್ತು ದಾಟುವಷ್ಟರಲ್ಲಿ ನಿಂತು ಸುಮಾರು ನೂರು ವರ್ಷ ಹಾಗೇ ಉಳಿಯಿತು, ಅಷ್ಟರಲ್ಲಿ ಜೇಡಿ ಕೂತು ಗಟ್ಟಿಯಾಯಿತು. ಒಂದೇ ಉಸಿರಿಗೆ ಕಟ್ಟಿದ್ದರೆ ಗೋಪುರ ಆಗಲೇ ಉರುಳುತ್ತಿತ್ತು ಎಂಬುದು ಮಣ್ಣಿನ ತಜ್ಞರ ಲೆಕ್ಕ.

ಹಾಗಾಗಿ ಹೊಸ ಗೋಡೆಗೆ ದಾರ ಬಿಗಿದು ಗೆರೆ ಹಾಕುವ ಮೊದಲೇ ಮಣ್ಣು ನೋಡಿಸಿ. ಒಳಗಿನ ಗೋಡೆ ತೆಗೆದು ಎರಡು ಕೋಣೆ ಒಂದು ಮಾಡುವಾಗಲೂ ಇದೇ ಮಾತು. ಗೋಡೆಯ ಉದ್ದಕ್ಕೂ ಹರಡಿದ್ದ ಭಾರ ಬೀಮಿನ ಎರಡು ತುದಿಗಳ ಕೆಳಗೆ ಗುಂಪುಗೂಡುತ್ತದೆ, ಅಲ್ಲಿ ಹಳೆ ಪಾಯ ಅದಕ್ಕೆಂದು ಮಾಡಿದ್ದಲ್ಲ.

ಇಷ್ಟಾದರೂ ಸಂಶಯ ಉಳಿದರೆ: ಪಾಯವನ್ನೇ ನೋಡುವುದು

ಇಂಜಿನಿಯರ್ ತೋರಿಸಿದ ಜಾಗದಲ್ಲಿ, ಗೋಡೆಗೆ ತಾಗಿ ಒಬ್ಬರು ಕೂರುವಷ್ಟು ಚಿಕ್ಕ ಗುಂಡಿ. ಗೋಡೆಯುದ್ದಕ್ಕೂ ಕಾಲುವೆ ತೋಡಬಾರದು. ಪಾಯದ ಅಡಿ ಕಂಡ ತಕ್ಷಣ ನಿಲ್ಲಿಸಿ, ಅದಕ್ಕಿಂತ ಕೆಳಗೆ ಒಂದು ಹಾರೆಯೂ ಇಳಿಯಬಾರದು. ವಿದ್ಯುತ್ ಕೇಬಲ್, ಗ್ಯಾಸ್ ಪೈಪು ಎಲ್ಲಿ ಹೋಗಿವೆ ಎಂದು ಮೊದಲೇ ಗುರುತಿಸಿ. ಎದೆಮಟ್ಟ ಆಳವಾದರೆ ಪಕ್ಕಗಳಿಗೆ ಹಲಗೆ ಕೊಟ್ಟೇ ಇಳಿಯಬೇಕು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಕುಸಿದರೆ ಎದೆ ಮೇಲೆ ಬಿದ್ದದ್ದನ್ನು ಎತ್ತಲು ಹೊತ್ತು ಸಿಗುವುದಿಲ್ಲ. ಮಳೆ ಬರುವಂತಿದ್ದರೆ ಆ ದಿನ ತೋಡಲೇಬೇಡಿ.

ಗುಂಡಿಯಲ್ಲಿ ನೋಡಬೇಕಾದ್ದು: ಪಾಯದ ಆಳ, ಅಗಲ, ಕಾಂಕ್ರೀಟೋ ಕಲ್ಲೋ, ಅಡಿಯ ಮಣ್ಣಿನ ಬಣ್ಣ, ನೀರು ಒಸರುತ್ತಿದೆಯೇ. ಪಾಯದಡಿ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಇದ್ದಿಲು ಸಿಕ್ಕರೆ ಆ ಮನೆ ಭರ್ತಿ ಮಣ್ಣಿನ ಮೇಲೆ ನಿಂತಿದೆ, ಗಟ್ಟಿ ನೆಲ ಇನ್ನೂ ಕೆಳಗಿದೆ. ಇಂಥಲ್ಲಿ ಬೋರ್ ಹೊಡೆದು ಪರೀಕ್ಷೆ ಮಾಡಿಸಲೇಬೇಕು. 63.5 ಕಿಲೋ ತೂಕದ ಸುತ್ತಿಗೆಯನ್ನು ಸುಮಾರು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಕೊಳವೆಯನ್ನು ಮಣ್ಣಿಗಿಳಿಸುತ್ತಾರೆ. ಆರಂಭದ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ.ಗೆ ಎಷ್ಟು ಏಟು ಬೇಕಾಯಿತು ಎಂಬುದೇ ವರದಿಯಲ್ಲಿ ಎನ್ ಎಂದು ಬರೆಯುವ ಅಂಕಿ. ಮರಳಿನಲ್ಲಿ 4ಕ್ಕಿಂತ ಕಡಿಮೆ ಬಂದರೆ ತೀರಾ ಸಡಿಲ, 10ರಿಂದ 30 ಮಧ್ಯಮ, 30 ಮೀರಿದರೆ ಬಿಗಿ.

ಪರಿಹಾರ ಯಾವುದಕ್ಕೆ ಯಾವುದು

ನೀರಿನದಾದರೆ ನೀರು ತಿರುಗಿಸಿ, ಪೊಳ್ಳು ತುಂಬಿ, ಕಾಯಿರಿ. ಪಾಯ ಕಡಿಮೆ ಆಳದಲ್ಲಿದ್ದು ಗಟ್ಟಿ ನೆಲ ಹತ್ತಿರವೇ ಇದ್ದರೆ ಪಾಯದಡಿ ತುಂಡು ತುಂಡಾಗಿ ತೋಡಿ ಹೊಸ ಕಾಂಕ್ರೀಟ್ ಕೊಡುತ್ತಾರೆ. ಒಂದು ತುಂಡು ಒಂದು ಮೀಟರಿನಷ್ಟೇ, ಪಕ್ಕಪಕ್ಕದ ತುಂಡುಗಳನ್ನು ಒಟ್ಟಿಗೆ ತೋಡುವಂತಿಲ್ಲ, ಮೊದಲನೆಯದು ಗಟ್ಟಿಯಾಗಿ ಭಾರ ಹಿಡಿದ ಮೇಲೇ ಮುಂದಿನದು. ಇದು ಎಂದಿಗೂ ಮನೆಯವರು ಕೂಲಿಯವರನ್ನು ಕರೆಸಿ ಮಾಡುವ ಕೆಲಸವಲ್ಲ. ಗಟ್ಟಿ ನೆಲ ಆಳದಲ್ಲಿದ್ದರೆ ಸಣ್ಣ ವ್ಯಾಸದ ಪೈಲುಗಳು. ಊದುವ ಜೇಡಿಯಲ್ಲಿ ಹೊಸ ಭಾಗ ಕಟ್ಟುವುದಾದರೆ ವರ್ಷದುದ್ದಕ್ಕೂ ತೇವ ಬದಲಾಗದ ಆಳಕ್ಕೆ ಇಳಿದು, ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಪೈಲು ಹಾಕಿ, ಮೇಲಿನ ಬೀಮಿನ ಅಡಿ ಮಣ್ಣು ಊದಲು ಜಾಗ ಬಿಡುತ್ತಾರೆ. ಆ ಜಾಗದಲ್ಲಿ ಕೆಲಸದವರು ಮಣ್ಣು ತುಂಬಿ "ನೀಟಾಗಿ" ಮುಚ್ಚದಂತೆ ನೀವೇ ನಿಂತು ನೋಡಬೇಕು.

"ಪಾಯ ಅಗಲ ಮಾಡಿಬಿಡಿ" ಎಂಬ ಸಲಹೆ ಎಲ್ಲರಿಂದ ಸಿಗುತ್ತದೆ. ಮೇಲಿನ ಮಣ್ಣಷ್ಟೇ ಸಡಿಲವಾಗಿದ್ದರೆ ಸರಿ. ಚೌಕದ ಫುಟಿಂಗಿನ, ಅಂದರೆ ಕಾಲಂ ಅಡಿಯ ಪಾಯದ ಹಾಸಿನ, ಒತ್ತಡ ಅದರ ಅಗಲದ ಸುಮಾರು ಎರಡರಷ್ಟು ಆಳಕ್ಕೆ ತಟ್ಟುತ್ತದೆ. ಅಗಲಿಸಿದಷ್ಟೂ ಇನ್ನೂ ಆಳಕ್ಕೆ. ಅಲ್ಲಿ ಮೆತ್ತನೆ ಪದರವೊಂದು ಮಲಗಿದ್ದರೆ ನೀವೇ ಹೋಗಿ ಅದನ್ನು ಎಬ್ಬಿಸಿದಂತೆ.

ಬಿರುಕು ತುಂಬುವುದು ಎಲ್ಲಕ್ಕಿಂತ ಕೊನೆಗೆ. ಅಳತೆ ಪುಸ್ತಕದಲ್ಲಿ ಆರು ತಿಂಗಳು, ಜೇಡಿಮಣ್ಣಾದರೆ ಪೂರ್ತಿ ಒಂದು ವರ್ಷ, ಅಂಕಿ ಅಲುಗದೆ ನಿಂತ ಮೇಲೆ ಗಾರೆಯನ್ನು ಎರಡೂ ಕಡೆ 10 ಸೆಂ.ಮೀ. ಕೆತ್ತಿ, ಧೂಳು ತೊಳೆದು, ಸಂದು ತುಂಬಿ, ಮೇಲೆ ಜಾಲರಿ ಹೊಡೆದು ಗಾರೆ ಮಾಡಿಸಿ. ಬಣ್ಣ ಹೊಡೆಯುವಾಗ ಪೆನ್ಸಿಲ್ ಗೆರೆ ಅಳಿಸಿಹೋಗುತ್ತದೆ. ಅಳಿಸುವ ಮೊದಲು ತಾರೀಖು ಕಾಣುವಂತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.